ಅರಿವು ಕೇಂದ್ರದ ಮೇಜಿಗೆ ಪೇಪರ್ ಬರಲಿ: ಪಂಚಾಯತ್ ರಾಜ್ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರೇ,

ನಮಸ್ಕಾರ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ನಮ್ಮ ಬಯಲುಸೀಮೆಯ ಊರಲ್ಲಿ ರಾಗಿ ತೆನೆ ಕಟ್ಟಲೇ ಇಲ್ಲ. ಪರಿಹಾರದ ಮೊದಲ ಕಂತಾಗಿ 2,000 ರೂಪಾಯಿವರೆಗೆ ಬರುತ್ತದೆ, ಅದಕ್ಕೆ ಜಮೀನಿನ ವಿವರ ಸರ್ಕಾರದ ರೈತ ನೋಂದಣಿ ತಂತ್ರಾಂಶವಾದ ಫ್ರೂಟ್ಸ್‌ನಲ್ಲಿ ಸೇರಿರಬೇಕು ಎನ್ನುವುದು ಪಕ್ಕದ ಮನೆಯ ಅಜ್ಜನಿಗೆ ಗೊತ್ತಾದದ್ದು ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ, ಪೇಪರಿನ ಜಿಲ್ಲಾ ಪುಟದಿಂದ. ಅವರು ಕನ್ನಡಕ ಮರೆತು ಬಂದಿದ್ದರು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬೆರಳಿಟ್ಟು ಎರಡು ಸಲ ಓದಿ ಹೇಳಿದಳು. ಮಾರನೇ ದಿನವೇ ಅಜ್ಜ ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದರು.

ಈಗ ಆ ಮೇಜಿಗೆ ಪೇಪರ್ ಬರುತ್ತಿಲ್ಲ. ತಿಂಗಳುಗಟ್ಟಲೆ ಬಿಲ್ ಬಾಕಿ. ಏಜೆಂಟರು ಎಷ್ಟು ದಿನ ಅಂತ ಕೈಯಿಂದ ಹಾಕಿಯಾರು? ಮೇಲ್ವಿಚಾರಕರು ಸ್ವಂತ ದುಡ್ಡಲ್ಲಿ ಒಂದನ್ನು ತರಿಸುತ್ತಾರೆ. ಅವರ ಗೌರವಧನ ಎಷ್ಟೆಂದು ತಮಗೆ ಗೊತ್ತೇ ಇದೆ.

ಇದು ಸಣ್ಣ ಬಿಲ್ಲಿನ ಮಾತು ಎನಿಸಬಹುದು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಟಿಮೊತಿ ಬೆಸ್ಲಿ ಮತ್ತು ರಾಬಿನ್ ಬರ್ಜೆಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ದೇಶದ್ದೇ ಕಥೆ. 1958ರಿಂದ 1992ರವರೆಗೆ 16 ರಾಜ್ಯಗಳ ಲೆಕ್ಕ ತೆಗೆದು ಅವರು ಕೇಳಿದ್ದು ಇಷ್ಟೇ: ಬೆಳೆ ಕೆಟ್ಟಾಗ, ನೆರೆ ಬಂದಾಗ ಯಾವ ಸರ್ಕಾರ ಹೆಚ್ಚು ಪಡಿತರ ಹಂಚಿತು, ಯಾವುದು ಪರಿಹಾರಕ್ಕೆ ಹೆಚ್ಚು ಖರ್ಚು ಮಾಡಿತು? ಪತ್ರಿಕೆ ಹೆಚ್ಚು ಓದುವ ರಾಜ್ಯಗಳ ಸರ್ಕಾರಗಳು. ಅದರಲ್ಲೂ ಎದ್ದು ಕಂಡದ್ದು ಇಂಗ್ಲಿಷ್, ಹಿಂದಿ ಪತ್ರಿಕೆಗಳ ಪ್ರಭಾವವಲ್ಲ, ಆಯಾ ಪ್ರದೇಶದ ಭಾಷೆಯ ಪತ್ರಿಕೆಗಳದ್ದು. ಕನ್ನಡದಲ್ಲಿ ಪೇಪರ್ ಓದುವ ನಮ್ಮಂಥವರಿಗೆ ಇದಕ್ಕಿಂತ ನೇರವಾದ ಮಾತು ಬೇಕೇ? ಊರಿನ ಕಷ್ಟ ಅಚ್ಚಾದರೆ, ಮತ ಹಾಕುವವರು ಅದನ್ನು ಓದಿದರೆ, ವಿಧಾನಸೌಧಕ್ಕೆ ಬೇಗ ಕೇಳಿಸುತ್ತದೆ.

ಉಗಾಂಡದ್ದೂ ಕೇಳಿ. 1991ರಿಂದ 95ರ ನಡುವೆ ಅಲ್ಲಿನ ಪ್ರಾಥಮಿಕ ಶಾಲೆಗಳಿಗೆಂದು ಬಿಡುಗಡೆಯಾದ ಅನುದಾನದಲ್ಲಿ ಶಾಲೆಗೆ ತಲುಪಿದ್ದು ಸರಾಸರಿ ನೂರಕ್ಕೆ 13 ಪಾಲು. ಯಾವ ಜಿಲ್ಲೆಗೆ ಎಷ್ಟು ಹಣ ಕೊಟ್ಟೆವೆಂದು ಸರ್ಕಾರ ಪತ್ರಿಕೆಗಳಲ್ಲೇ ಹಾಕತೊಡಗಿತು. 2001ರ ಹೊತ್ತಿಗೆ ಶಾಲೆಗೆ ತಲುಪುವ ಪಾಲು ನೂರಕ್ಕೆ 80 ದಾಟಿತ್ತು. ಬೇರೆ ಸುಧಾರಣೆಗಳೂ ಜೊತೆಗೆ ನಡೆದಿದ್ದವು, ಪೂರ್ತಿ ಶ್ರೇಯ ಪೇಪರಿಗೆ ಸಲ್ಲದು ಎಂದು ವಾದಿಸಿದವರಿದ್ದಾರೆ. ಆ ವಾದವನ್ನು ಒಪ್ಪಿಕೊಂಡರೂ, ಲೆಕ್ಕ ಗೊತ್ತಿರುವ ಪೋಷಕರೆದುರು ದುಡ್ಡು ಮಾಯ ಮಾಡುವುದು ಕಷ್ಟ ಎಂದೇ ನನ್ನ ನಂಬಿಕೆ.

ಮೊಬೈಲ್ ಇದೆಯಲ್ಲ ಎನ್ನುತ್ತಾರೆ. ಇದೆ. ಅದರಲ್ಲಿ ದೆಹಲಿಯ ಜಗಳ ಕ್ಷಣದಲ್ಲಿ ಸಿಗುತ್ತದೆ. ನಮ್ಮ ಹೋಬಳಿಯ ಬೆಳೆ ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂದು ವಿಚಾರಿಸಿ ಬರೆಯುವವರು ತಾಲ್ಲೂಕಿನ ವರದಿಗಾರರೇ.

ಅದಕ್ಕೇ ತಮ್ಮಲ್ಲಿ ಕೇಳುವುದು ಎರಡು. ಅರಿವು ಕೇಂದ್ರಗಳ ಪತ್ರಿಕೆ ಬಿಲ್ಲನ್ನು ಪ್ರತಿ ತಿಂಗಳೂ ತಪ್ಪದೆ ಕಟ್ಟುವಂತೆ ಎಲ್ಲ ಪಿಡಿಒಗಳಿಗೆ ಲಿಖಿತ ಆದೇಶ ಹೊರಡಿಸಿ, ಜಿಲ್ಲೆಯ ಒಂದು ಸ್ಥಳೀಯ ಪತ್ರಿಕೆಯೂ ಅದರಲ್ಲಿ ಇರಲಿ. ಪ್ರತಿ ಪಂಚಾಯಿತಿಗೆ ಬಂದ ಅನುದಾನ, ಆದ ಖರ್ಚು ಆ ಪತ್ರಿಕೆಯಲ್ಲಿ ಅಚ್ಚಾಗಲಿ, ಅದೇ ಹಾಳೆಯನ್ನು ಕೇಂದ್ರದ ಗೋಡೆಗೂ ಅಂಟಿಸಲಿ. ಮುಂದಿನ ಮುಂಗಾರಿಗೆ ಮೊದಲು ಆದೇಶ ಬಂದರೆ ಒಳ್ಳೆಯದು.

ಇಂತಿ,
ಬಯಲುಸೀಮೆಯ ಒಬ್ಬ ಓದುಗ