ಸ್ಟ್ರಾಬೆರಿ ಗಿಡ ದೀಪಾವಳಿಗೆ ಬರಲಿ

ಸಂಪಾದಕರಿಗೆ,

ಹೊಸ ವರ್ಷ ಬಂತೆಂದರೆ ಮಂಗಳೂರು, ಉಡುಪಿಯ ರಸ್ತೆ ಬದಿಯ ಗಿಡದ ಗಾಡಿಗಳಲ್ಲಿ ಎರಡು ಕೆಂಪು ಹಣ್ಣು ತೂಗುವ ಸ್ಟ್ರಾಬೆರಿ ಚಟ್ಟಿಗಳು ಕಾಣಿಸಿಕೊಳ್ಳುತ್ತವೆ. ಮನೆಗೆ ತಂದ ಮೇಲೆ ಆ ಎರಡು ಹಣ್ಣು, ಆಮೇಲೆ ಬರೀ ಎಲೆ, ಎಪ್ರಿಲ್‌ಗೆ ಅದೂ ಇಲ್ಲ. ತಮ್ಮ ಕೈಗುಣವೇ ಸರಿಯಿಲ್ಲ ಎಂದುಕೊಂಡು ಸುಮ್ಮನಾಗುವವರೇ ಹೆಚ್ಚು. ಕೈಗುಣವನ್ನು ದೂರುವ ಮೊದಲು ಗಿಡ ಕೊಂಡ ತಿಂಗಳು ಯಾವುದೆಂದು ನೋಡಬೇಕು.

ನಮ್ಮಲ್ಲಿಗೆ ಬರುವ ತಳಿಗಳಲ್ಲಿ ಹೆಚ್ಚಿನವು ಮೊಗ್ಗು ಕಟ್ಟಲು ಚಿಕ್ಕ ಹಗಲನ್ನೂ ತಂಪು ರಾತ್ರಿಯನ್ನೂ ಕೇಳುತ್ತವೆ. ಹಗಲಿನ ಲೆಕ್ಕದಲ್ಲಿ ನಮಗೆ ಕೊರತೆಯಿಲ್ಲ, ಡಿಸೆಂಬರ್‌ನಲ್ಲಿ ಇಲ್ಲಿಯ ಹಗಲು ಸುಮಾರು ಹನ್ನೊಂದೂವರೆ ಗಂಟೆ. ತಕರಾರು ಇರುವುದು ರಾತ್ರಿಯದ್ದು. ಈ ಗಿಡಕ್ಕೆ 10ರಿಂದ 15 ಡಿಗ್ರಿ ಸೆಲ್ಸಿಯಸ್ ಹಿತ. ಕರಾವಳಿಯ ಚಳಿಗಾಲದ ರಾತ್ರಿ 20ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಮಧ್ಯಾಹ್ನ 30 ದಾಟುತ್ತದೆ. ಹಾಗಾಗಿ ನಮ್ಮ ಅಂಗಳದಲ್ಲಿ ಸಿಗುವ ಹಣ್ಣು ಬಹುಪಾಲು ಮಹಾಬಲೇಶ್ವರದಂಥ ಬೆಟ್ಟದ ತಂಪಿನಲ್ಲಿ ಗಿಡ ಸುಳಿಯೊಳಗೆ ಕಟ್ಟಿಕೊಂಡು ತಂದ ಮೊಗ್ಗಿನದ್ದು. ಆ ಬುತ್ತಿ ಮುಗಿದ ಮೇಲೆ ಹೊಸ ಮೊಗ್ಗು ವಿರಳ, ನೆಲದ ಮೇಲೆ ಹರಿಯುವ ಹಂಬು ಜಾಸ್ತಿ. ಜನವರಿ ಕೊನೆಯಲ್ಲಿ ಕೊಂಡ ಗಿಡದ ಬುತ್ತಿ ನರ್ಸರಿಯಲ್ಲೇ ಅರ್ಧ ಖಾಲಿಯಾಗಿರುತ್ತದೆ, ಉಳಿದರ್ಧಕ್ಕೆ ಫೆಬ್ರವರಿಯ ಸೆಕೆ ಎದುರಾಗುತ್ತದೆ. ಸಂಜೆಯ ಗುಡುಗು ಮಳೆ ತಗ್ಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ, ಇನ್ನೂ ಹೂ ಬಿಡದ ಗಿಡ ನೆಟ್ಟರೆ ಮಾತ್ರ ಎರಡು ತಿಂಗಳಾದರೂ ಹಣ್ಣು ಕಾಣಬಹುದು. ಬೀಜದ ಪೊಟ್ಟಣಕ್ಕೆ ದುಡ್ಡು ಹಾಕಬೇಡಿ. ಈ ತಳಿಗಳ ಬೀಜದಿಂದ ತಾಯಿಯಂಥದ್ದೇ ಗಿಡ ಬರುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ‘ನೀಲಿ ಸ್ಟ್ರಾಬೆರಿ’ ಬೀಜವಂತೂ ಶುದ್ಧ ಮೋಸ, ಅಂಥ ಹಣ್ಣೇ ಇಲ್ಲ.

ನೆಡುವಾಗ ಗಿಡ ಸಾಯುವ ಜಾಗ ಒಂದೇ: ಸುಳಿ. ಎಲೆದಂಟುಗಳೆಲ್ಲ ಕೂಡುವ ಆ ದಪ್ಪ ಗಂಟು ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕೂರಬೇಕು. ಅರ್ಧ ಇಂಚು ಹೂತರೂ ಕೊಳೆಯುತ್ತದೆ, ಮೇಲೆದ್ದರೆ ಬೇರು ಒಣಗುತ್ತದೆ. ನೆಟ್ಟು ನೀರೆರೆದಾಗ ಮಣ್ಣು ಕುಸಿಯುವುದು ಸಹಜ, ಆದ್ದರಿಂದ ಮರುದಿನ ಬೆಳಿಗ್ಗೆ ಬೆರಳಿನಿಂದ ಸುಳಿಯ ಸುತ್ತ ಸವರಿ ನೋಡಿ ಸರಿಪಡಿಸಿ. ಗಿಡವೊಂದಕ್ಕೆ 8 ಇಂಚಿನ ಚಟ್ಟಿ ಸಾಕು. ಎರಡು ಪಾಲು ಕೆಂಪುಮಣ್ಣು, ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಹುಡಿ), ಒಂದು ಪಾಲು ಚೆನ್ನಾಗಿ ಹುಡಿಯಾದ ಹಟ್ಟಿಗೊಬ್ಬರ, ಚಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟನ್ನು ರಾತ್ರಿ ನೆನೆಸಿ ಬೆಳಿಗ್ಗೆ ಹಿಂಡಿ ಮತ್ತೆ ತೊಳೆಯಬೇಕು; ಕಾಫಿ ಬಣ್ಣದ ನೀರು ತಿಳಿಯಾಗುವವರೆಗೆ. ಅದರಲ್ಲಿ ಉಪ್ಪು ಉಳಿದಿರುತ್ತದೆ, ತರಕಾರಿಗೆ ನಡೆದೀತು, ಸ್ಟ್ರಾಬೆರಿಗೆ ನಡೆಯದು. ಸುಣ್ಣ, ಬೂದಿ ಹಾಕಬೇಡಿ. ತುಸು ಹುಳಿಮಣ್ಣೇ ಅದಕ್ಕೆ ಬೇಕು, ನಮ್ಮ ಮುರಕಲ್ಲಿನ ಮಣ್ಣು ಹುಟ್ಟಿನಿಂದಲೇ ಹುಳಿ. ಈ ಒಂದು ವಿಷಯದಲ್ಲಿ ಮಾತ್ರ ನಮ್ಮೂರು ಸ್ಟ್ರಾಬೆರಿಯ ಪರ.

ಬೆಳಗಿನ ಬಿಸಿಲು 11 ಗಂಟೆಯವರೆಗೆ ಇರಲಿ, ಆಮೇಲೆ ಮಡಲಿನ ನೆರಳು. ಕಾಂಕ್ರೀಟ್ ತಾರಸಿಯ ಮೇಲೆ ಚಟ್ಟಿಯನ್ನು ನೇರ ಇಡದೆ ಎರಡು ಇಟ್ಟಿಗೆಯ ಮೇಲೆ ಕೂರಿಸಿ, ಕಪ್ಪು ಗ್ರೋಬ್ಯಾಗ್ ಬೇಡ. ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಬೆಳಿಗ್ಗೆ ದಿನವೂ ಸ್ವಲ್ಪ ಸ್ವಲ್ಪವೇ ನೀರು, ಬುಡಕ್ಕೆ ಮಾತ್ರ. ಎಲೆ ಒದ್ದೆಯಾಗಿ ಉಳಿದರೆ ಹಣ್ಣಿನ ಮೇಲೆ ಬೂದು ಬೂಸ್ಟು ಬರುತ್ತದೆ. ಬುಡಕ್ಕೆ ಬೈಹುಲ್ಲು ಹಾಸಿ, ಹಣ್ಣು ಮಣ್ಣಿಗೆ ತಾಗಬಾರದು. ಎಲೆಯ ಅಂಚು ಮಾತ್ರ ಸುಟ್ಟಂತೆ ಕಂದಾದರೆ ಬಾವಿ ನೀರನ್ನು ಅನುಮಾನಿಸಿ. ಅಳಿವೆ ಬಾಗಿಲ ಹತ್ತಿರದ ಬಾವಿಗಳಲ್ಲಿ ಬೇಸಿಗೆ ಬಂದಂತೆ ಉಪ್ಪು ಏರುತ್ತದೆ.

ನೆಟ್ಟ ಎರಡು ವಾರದೊಳಗಿನ ಹೂ ಚಿವುಟಿ, ಹಂಬನ್ನು ಕಂಡಾಗಲೆಲ್ಲ ಕತ್ತರಿಸಿ. ಹಣ್ಣಿನ ಒಂದು ಮಗ್ಗುಲು ಉಬ್ಬಿ ಇನ್ನೊಂದು ಮಗ್ಗುಲು ಮುದುಡಿದರೆ ಅದು ಸಾಮಾನ್ಯವಾಗಿ ಪರಾಗಸ್ಪರ್ಶದ ಕೊರತೆ. ಮೇಲಿನ ಒಂದೊಂದು ಬೀಜವೂ ಫಲಿಸಿದರೆ ಮಾತ್ರ ಅದರ ಸುತ್ತಲಿನ ತಿರುಳು ಊದುತ್ತದೆ. ಜೇನ್ನೊಣ ಬಾರದ ಬಾಲ್ಕನಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ಹೂವಿನ ನಡುವನ್ನು ಬೆಳಿಗ್ಗೆ ಸುತ್ತ ಸವರಿದರೆ ಸಾಕು. ಪೂರ್ತಿ ಕೆಂಪಾದ ಮೇಲೆಯೇ ಕೊಯ್ಯಿರಿ, ಕೊಯ್ದ ಮೇಲೆ ಸಿಹಿ ಏರುವುದಿಲ್ಲ. ಪಿಕಳಾರಗಳಿಗೂ ಈ ಲೆಕ್ಕ ಗೊತ್ತಿರುವಂತಿದೆ, ಬಲೆ ಬೇಕೇ ಬೇಕು.

ಇಷ್ಟೆಲ್ಲ ಮಾಡಿದರೂ ಗಿಡವೊಂದಕ್ಕೆ ಒಂದು ಬೊಗಸೆ ಹಣ್ಣು ಸಿಕ್ಕರೆ ಹೆಚ್ಚು. ಮಕ್ಕಳ ಖುಷಿಗೆ ಎರಡು ಚಟ್ಟಿ ಇರಲಿ, ಉಳಿದ ಜಾಗ ಅಡುಗೆಮನೆಗೆ ಸಲ್ಲಲಿ ಎಂಬುದು ನಮ್ಮ ಅಭಿಪ್ರಾಯ. ಹರಿವೆ ಬಿತ್ತುವಾಗ ಒಂದು ಚಿಟಿಕೆ ಬೀಜಕ್ಕೆ ಒಂದು ಹಿಡಿ ಮರಳು ಬೆರೆಸಿ, ಸುತ್ತ ಅಕ್ಕಿ ರವೆ ಉದುರಿಸಿ. ಇರುವೆಗಳು ಬೀಜ ಬಿಟ್ಟು ರವೆ ಹೊರುತ್ತವೆ, ತಿಂಗಳೊಳಗೆ ಸೊಪ್ಪು. ಅಲಸಂಡೆಗೆ ಕಪ್ಪು ಹೇನು ಮೆತ್ತಿದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ತುಸು ಸಾಬೂನು ಕರಗಿಸಿ ಸಂಜೆ ಸಿಂಪಡಿಸಿ. ಬಸಳೆಯ ಎಲೆ ಸಣ್ಣದಾಗುತ್ತಾ ಬಂದರೆ ಬೇರು ಕಿತ್ತು ನೋಡಿ, ಗಂಟುಗಂಟಾಗಿದ್ದರೆ ಜಂತುಹುಳ. ಮಣ್ಣು ಬದಲಿಸಿ, ಅಲ್ಲಿ ಒಂದು ಸರದಿ ಗೊಂಡೆಹೂ ಬೆಳೆಯಿರಿ.

ಸ್ಟ್ರಾಬೆರಿಗಿಂತ ಹೆಚ್ಚು ಹೊಟ್ಟೆ ಉರಿಸುವುದು ಟೊಮೆಟೊ, ಬದನೆ. ನಿನ್ನೆ ನೆಟ್ಟಗಿದ್ದ ಗಿಡ ಇವತ್ತು ಮಧ್ಯಾಹ್ನ ಜೋತುಬಿದ್ದಿರುತ್ತದೆ. ಎಲೆ ಹಸಿರೇ, ಮಣ್ಣೂ ಒದ್ದೆಯೇ. ನೀರು ಸಾಲದೆಂದು ಮತ್ತೆ ಎರೆದರೆ ಪಕ್ಕದ ಗಿಡಕ್ಕೂ ರೋಗ ಹರಿಯುತ್ತದೆ. ಬುಡದ ಕಾಂಡವನ್ನು ಎರಡು ಇಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ಕತ್ತರಿಸಿದ ತುದಿ ತಾಗುವಂತೆ ಅಲುಗಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿಯದ್ದು ಕೆಳಗಿಳಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ಇದಕ್ಕೆ ಸಿಂಪರಣೆಯ ಮದ್ದಿಲ್ಲ. ಗಿಡವನ್ನು ಮಣ್ಣು ಸಮೇತ ತೆಗೆಯಿರಿ, ಗೊಬ್ಬರದ ಗುಂಡಿಗೆ ಮಾತ್ರ ಹಾಕಬೇಡಿ. ಆ ಜಾಗದಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸು ಬೇಡ. ಟೊಮೆಟೊಗೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಈ ರೋಗವನ್ನು ತಡೆದುಕೊಳ್ಳುತ್ತದೆ. ಬದನೆಯನ್ನು ಸುಂಡೆ ಗಿಡಕ್ಕೆ ಕಸಿ ಕಟ್ಟಬಹುದು. ನಮ್ಮ ಮಟ್ಟುಗುಳ್ಳವೂ ಬದನೆಯೇ, ಅದಕ್ಕೂ ಇದೇ ದಾರಿ.

ನರ್ಸರಿಯವರಲ್ಲಿ ನಮ್ಮ ಕೋರಿಕೆ ಇಷ್ಟೇ. ಸ್ಟ್ರಾಬೆರಿ ಗಿಡ ತರಿಸುವುದಾದರೆ ದೀಪಾವಳಿಯ ಹೊತ್ತಿಗೆ ತರಿಸಿ, ಚಟ್ಟಿಗೆ ತಳಿಯ ಹೆಸರು ಮತ್ತು ಬೆಟ್ಟದಿಂದ ಇಳಿದ ದಿನಾಂಕದ ಚೀಟಿ ಅಂಟಿಸಿ. ಹಣ್ಣು ಬಿಟ್ಟಿರುವ ಗಿಡಕ್ಕಿಂತ ಹಣ್ಣಿಲ್ಲದ ಗಿಡಕ್ಕೆ ಬೆಲೆ ಹೆಚ್ಚು ಹೇಳಿದರೂ ತಪ್ಪಿಲ್ಲ, ಗೊತ್ತಿದ್ದವರು ಅದನ್ನೇ ಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ಆ ಚಟ್ಟಿ ಖಾಲಿಯಾದಾಗ ಹಳೆಯ ಮಣ್ಣಿಗೆ ತುಸು ಸುಣ್ಣ, ಎರಡು ಹಿಡಿ ಹಟ್ಟಿಗೊಬ್ಬರ ಬೆರೆಸಿ ಒಂದು ವಾರ ಬಿಟ್ಟು, ನಾಲ್ಕು ಗೆಣ್ಣಿನ ಬಸಳೆ ಕಡ್ಡಿಯನ್ನು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿಬಿಡಿ.

– ತಾರಸಿಯಲ್ಲಿ ತರಕಾರಿ ಬೆಳೆಯುವ ಕೆಲವರು, ಮಂಗಳೂರು