ಮಗಳಿಗೊಂದು ಪತ್ರ: ಮಾದಪ್ಪನ ಹುಂಡಿಗೆ ಬರೆದುಕೊಟ್ಟ ಚೀಟಿ

ಕೂಸೇ,

ನಿನ್ನೆ ರಾತ್ರಿ ಸಿಟ್ಟು ಮಾಡಿಕೊಂಡು ಫೋನ್ ಇಟ್ಟುಬಿಟ್ಟೆ. ನಾನೂ ತಿರುಗಿ ಮಾಡಲಿಲ್ಲ. ಮಾಡಿದ್ದರೆ ಮತ್ತೆ ಜಗಳವೇ ಆಗುತ್ತಿತ್ತು, ನಿಮ್ಮಮ್ಮ ಬೇರೆ ಪಕ್ಕದಲ್ಲಿ ಕೂತು ಕಣ್ಣಲ್ಲೇ ಬೈಯುತ್ತಿದ್ದಳು. ಅದಕ್ಕೆ ಬರೆಯುತ್ತಿದ್ದೇನೆ. ಉದ್ದ ಆಯಿತು ಅಂತ ಅರ್ಧಕ್ಕೆ ಬಿಡಬೇಡ.

ನಿಮ್ಮ ಆಫೀಸಿನಲ್ಲಿ ಯಾರೋ "ನಿಮ್ಮ ಚಾಮರಾಜನಗರಕ್ಕೆ ಬಂದರೆ ಕುರ್ಚಿ ಹೋಗುತ್ತಂತಲ್ಲ, ನಮ್ಮ ಮ್ಯಾನೇಜರ್‌ನ ಒಂದ್ಸಲ ಕರ್ಕೊಂಡು ಹೋಗು" ಎಂದು ನಕ್ಕರಂತೆ. ನಿನಗೆ ಉರಿಯಿತು. ಉರಿಯಬೇಕಾದ್ದೇ. ಆದರೆ ಆ ಉರಿ ತಂದು ಮಹದೇಶ್ವರ ಬೆಟ್ಟದ ನಮ್ಮ ದೇವರು ಮಾದಪ್ಪನ ಮೇಲೆ ಸುರಿದೆಯಲ್ಲ, "ಈ ದೇವರು ದಿಂಡರು ಇರೋವರೆಗೂ ಈ ದೇಶ ಉದ್ಧಾರ ಆಗಲ್ಲ, ನೀನು ಇನ್ನೂ ಅಮಾವಾಸ್ಯೆ ಅಮಾವಾಸ್ಯೆಗೂ ಬೆಟ್ಟಕ್ಕೆ ಹೋಗ್ತೀಯಾ ಅಪ್ಪಾ" ಅಂದೆಯಲ್ಲ, ಅಲ್ಲಿ ನನ್ನದೊಂದು ತಕರಾರಿದೆ.

ಮೊದಲು ಆ ಶಾಪದ ಕಥೆ. ನೀನು ಅದನ್ನು ನಗೆಹನಿ ಥರ ಕೇಳಿರುತ್ತೀಯ, ನಾವು ಅದರ ಜೊತೆ ಬದುಕಿದವರು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಆರು ತಿಂಗಳಲ್ಲಿ ಮನೆಗೆ ಹೋಗುತ್ತಾನೆ ಅಂತ. ಅದಕ್ಕೆ ಲೆಕ್ಕವನ್ನೂ ಕೊಡುತ್ತಿದ್ದರು: 1980ರಲ್ಲಿ ದೇವರಾಜ ಅರಸು ಹೋದರು, 1983ರಲ್ಲಿ ಗುಂಡೂರಾವ್, 1988ರಲ್ಲಿ ರಾಮಕೃಷ್ಣ ಹೆಗಡೆ, 1989ರಲ್ಲಿ ಎಸ್.ಆರ್. ಬೊಮ್ಮಾಯಿ, 1990ರಲ್ಲಿ ವೀರೇಂದ್ರ ಪಾಟೀಲರು. ಡಿಪೋ ಮುಂದೆ ಟೀ ಕುಡಿಯುತ್ತಾ ನಾವೂ ಇದನ್ನೇ ಹೇಳಿಕೊಂಡು ನಗುತ್ತಿದ್ದೆವು, ಸುಳ್ಳೇಕೆ ಹೇಳಲಿ. ನಮ್ಮಂಥ ಬಡ ಊರಿಗೂ ಒಂದು ತಾಕತ್ತಿದೆ ಅಂತ ಒಳಗೊಳಗೇ ಖುಷಿ.

ಆಮೇಲೆ ಯೋಚನೆ ಮಾಡಿದೆ. ಅರಸು ಇಂದಿರಾ ಗಾಂಧಿಯವರ ಜೊತೆ ಮುರಿದುಕೊಂಡಿದ್ದರು. ಗುಂಡೂರಾವ್ ಚುನಾವಣೆಯಲ್ಲಿ ಸೋತರು. ಹೆಗಡೆಯವರನ್ನು ಇಳಿಸಿದ್ದು ಟೆಲಿಫೋನ್ ಕದ್ದಾಲಿಕೆ. ಬೊಮ್ಮಾಯಿ ಸರ್ಕಾರಕ್ಕೆ ಬಹುಮತ ತೋರಿಸಲೂ ಬಿಡದೆ ರಾಜ್ಯಪಾಲರ ವರದಿ ಹಿಡಿದು ವಜಾ ಮಾಡಿದರು, ಆ ಕೇಸಿನಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಇವತ್ತಿಗೂ ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದರೂ ತೆಗೆದು ತೋರಿಸುತ್ತಾರೆ. ವೀರೇಂದ್ರ ಪಾಟೀಲರು ಕಾಯಿಲೆ ಬಿದ್ದಿದ್ದರು, ದೆಹಲಿ ಅವರನ್ನು ಇಳಿಸಿತು. ಇದರಲ್ಲಿ ನಮ್ಮೂರ ಮಣ್ಣಿನ ಪಾಲೇನು? ಇನ್ನು ಊರ ಕಡೆ ತಲೆ ಹಾಕದ ಬಂಗಾರಪ್ಪನವರು ಎರಡೇ ವರ್ಷಕ್ಕೆ ಹೋದರು. ಮೊಯ್ಲಿ ಸೋತರು. ಎಸ್.ಎಂ. ಕೃಷ್ಣ ಸೋತರು. ಧರ್ಮಸಿಂಗ್ ಎರಡು ವರ್ಷವೂ ತುಂಬಿಸಲಿಲ್ಲ. ಬಂದು ಹೋದವರ ಲೆಕ್ಕ ಎಲ್ಲರ ಬಾಯಲ್ಲೂ ಇತ್ತು, ಬಾರದೆಯೂ ಹೋದವರ ಲೆಕ್ಕವನ್ನು ಯಾರೂ ಇಡಲೇ ಇಲ್ಲ.

1997ರಲ್ಲಿ ಮೈಸೂರಿಂದ ಬೇರೆ ಮಾಡಿ ನಮ್ಮದೊಂದು ಜಿಲ್ಲೆ ಮಾಡಿದರಲ್ಲ, ಆಗ ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಸಮಾಜವಾದಿ, ದೊಡ್ಡ ಮಾತುಗಾರ, ಯಾರಿಗೂ ಹೆದರದ ಮನುಷ್ಯ ಅನ್ನಿಸಿಕೊಂಡವರು. ಅಂಥವರೂ ಚಾಮರಾಜನಗರ ಜಿಲ್ಲೆಯನ್ನು ಚಾಮರಾಜನಗರದಲ್ಲಿ ಉದ್ಘಾಟಿಸಲಿಲ್ಲ. ನೂರು ಕಿಲೋಮೀಟರ್‌ಗೂ ಜಾಸ್ತಿ ದೂರದ ಮಹದೇಶ್ವರ ಬೆಟ್ಟದಲ್ಲಿ ಮಾಡಿ ಹೋದರು. ಮಗು ಒಂದು ಕಡೆ, ನಾಮಕರಣ ಇನ್ನೊಂದು ಕಡೆ! ನನಗೆ ಆವತ್ತು ಬೆಟ್ಟದ ಸ್ಪೆಷಲ್ ಬಸ್ಸಿನ ಡ್ಯೂಟಿ. ಮುಂದಿನ ಸೀಟಿನಲ್ಲಿ ಗರಿಗರಿ ಪಂಚೆ ಉಟ್ಟುಕೊಂಡಿದ್ದ ಯಜಮಾನರೊಬ್ಬರು, ನಮ್ಮೂರಿನವರೇ, ಕೊಳ್ಳೇಗಾಲ ದಾಟುವವರೆಗೂ ಸುಮ್ನೆ ಕೂತಿದ್ದರು. ಆಮೇಲೆ "ನಮ್ಮೂರ್ಗ ಬರಕ ಹೆದರೋನು ನಮ್ಮ ಜಿಲ್ಲ ಹೆಂಗ ಆಳ್ದಾನು ಕಂಡಕ್ಟ್ರೇ?" ಅಂದರು. ನಾನು ಏನು ಹೇಳಲಿ, ರೈಟ್ ರೈಟ್ ಅಂದೆ.

ಅದಾದ ಮೂರ್ನಾಲ್ಕು ವರ್ಷಕ್ಕೆ ಇನ್ನೊಂದು ನಡೆಯಿತು. ಇದನ್ನು ನಿನಗೆ ಯಾವತ್ತೂ ಹೇಳಿಲ್ಲ. ಅಮಾವಾಸ್ಯೆ ಹಿಂದಿನ ದಿನದ ಟ್ರಿಪ್, ಮಾದಪ್ಪನಿಗೆ ಮಾಡುವ ಎಣ್ಣೆಮಜ್ಜನದ ಪೂಜೆಗೆ ಹೊರಟ ಜನ. ಆ ಬಸ್ಸು ಹೇಗಿರುತ್ತಿತ್ತು ಅಂತ ನಿನಗೆ ಗೊತ್ತು, ಬಾಗಿಲಲ್ಲಿ ಜೋತು ಬಿದ್ದವರು, ಕಾಲ ಸಂದಿಯಲ್ಲಿ ಅಕ್ಕಿ ಚೀಲ, ತಾಳುಬೆಟ್ಟ ದಾಟಿ ತಿರುವು ಶುರುವಾದರೆ ಒಂದೊಂದು ತಿರುವಿಗೂ "ಉಘೇ ಉಘೇ ಮಾದಪ್ಪ", ಅದರ ನಡುವೆ ಕಿಟಕಿ ಪಕ್ಕದವರ ವಾಂತಿ ಬೇರೆ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸಿ ಕೊಟ್ಟಳು. ಟಿಕೆಟ್ ತಗೊಂಡ ಮೇಲೂ ನನ್ನ ತೋಳು ಬಿಡಲಿಲ್ಲ. ನನ್ನ ಕಿವಿಯ ಮೇಲಿದ್ದ ಪೆನ್ನು ತೋರಿಸಿ "ಒಂದು ಚೀಟಿ ಬರ್ಕೊಡು ಮಗ, ಮಾದಪ್ಪನ ಹುಂಡಿಗ ಹಾಕ್ಬೇಕು" ಅಂದಳು.

ಖಾಲಿ ಟಿಕೆಟ್ ಬುಕ್ಕಿನ ರಟ್ಟು ಹರಿದು, ಏನಂತ ಬರೀಲಿ ಅಜ್ಜಿ ಎಂದೆ. ಮಕ್ಕಳು ಮದುವೆ ಕೋರ್ಟು ಕೇಸು ಏನಾದರೂ ಇರುತ್ತದೆ ಅಂದುಕೊಂಡಿದ್ದೆ.

"ನಮ್ಮೂರ್ಗ ಒಂದು ರೋಡ ಮಾಡ್ಸಪ್ಪ ಅಂತ ಬರಿ."

ಸೊಸೆಗೆ ಮಳೆಗಾಲದಲ್ಲಿ ಹೆರಿಗೆ ನೋವು ಬಂದು, ಹೊತ್ತುಕೊಂಡು ಹೊರಟವರು ಟಾರು ರೋಡು ಮುಟ್ಟುವುದರೊಳಗೆ ಅವಳು ಹೋಗಿಬಿಟ್ಟಿದ್ದಳಂತೆ. ಅಜ್ಜಿ ಅದನ್ನು ಅಳದೆ ಹೇಳಿದಳು. ನಾನು ಬುದ್ಧಿವಂತನ ಹಾಗೆ, ಅಜ್ಜಿ ಇದನ್ನ ಆಫೀಸಿಗೆ ಕೊಡಬೇಕು, ಹುಂಡಿಗಲ್ಲ ಎಂದೆ.

"ಕೊಟ್ಟಿವ್ನಿ ಮಗ, ಮೂರು ಸತಿ. ಅವರು ಓದ್ನಿಲ್ಲ. ಇವನಾದ್ರೂ ಓದಾನು." ಆಮೇಲೆ ಒಂದು ಕ್ಷಣ ಬಿಟ್ಟು, "ಊರ ಹೆಸರ ಸರಿಯಾಗಿ ಬರಿ ಮತ್ತ, ಬ್ಯಾರೆ ಊರ್ಗ ಮಾಡ್ಬುಟ್ಟಾನು!"

ಅಕ್ಕಪಕ್ಕದವರೆಲ್ಲ ನಕ್ಕರು, ಅಜ್ಜಿಯೂ ನಕ್ಕಳು. ನಾನು ಊರ ಹೆಸರನ್ನು ಎರಡು ಸಲ ಬರೆದೆ.

ಈಗ ಹೇಳು, ಇಲ್ಲಿ ಯಾರದು ಮೂಢನಂಬಿಕೆ? ಅಜ್ಜಿಗೆ ರೋಡು ಯಾರು ಮಾಡಿಸಬೇಕು ಅಂತ ಚೆನ್ನಾಗಿ ಗೊತ್ತಿತ್ತು. ಸರಿಯಾದ ಜಾಗಕ್ಕೇ ಹೋಗಿ ಮೂರು ಸಲ ಬಾಗಿಲು ತಟ್ಟಿದ್ದಳು. ಆ ಮೇಲೆ ಬೆಟ್ಟ ಹತ್ತಿದಳು. ಅತ್ತ ಓದಿದವರು, ಗೂಟದ ಕಾರಿನವರು, ಕೈಯಲ್ಲಿ ಎಲ್ಲ ಕಡತ ಇರುವವರು, ಒಂದು ಊರಿನ ಹೆಸರು ಕೇಳಿದರೆ ಬೆವರುತ್ತಿದ್ದರು. ವಿಧಾನಸೌಧದ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ದೊಡ್ಡದಾಗಿ ಬರೆದಿದೆ. ದೇವರಿಗೇ ಬಿಟ್ಟಿದ್ದೇವೆ ಅಂತ ಅರ್ಥ ಮಾಡಿಕೊಂಡರೋ ಏನೋ.

2021ರ ಮೇ ತಿಂಗಳು ನಿನಗೂ ಗೊತ್ತು. ಮೇ 2ರ ರಾತ್ರಿ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು, ಒಂದು ದಿನದೊಳಗೆ 24 ಜನ ಸತ್ತರು. ಆಕ್ಸಿಜನ್ ಇಲ್ಲದೆ ಸತ್ತವರು ಮೂರೇ ಜನ ಅಂತ ಸರ್ಕಾರ ಹೇಳಿತು. ಹೈಕೋರ್ಟ್ ನೇಮಿಸಿದ ಸಮಿತಿ ಬಂದು ನೋಡಿ 36 ಜನ ಅಂತ ವರದಿ ಕೊಟ್ಟಿತು. ಮೂರು ಎಲ್ಲಿ, ಮೂವತ್ತಾರು ಎಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಅದಕ್ಕೂ ಮೊದಲು ಬೆಟ್ಟಕ್ಕೆ ಬಂದು ಮಾದಪ್ಪನಿಗೆ ಕೈ ಮುಗಿದು ಹೋಗಿದ್ದರು. ಇಷ್ಟು ಜನ ಸತ್ತಾಗ ಊರಿಗೆ ಬರಲಿಲ್ಲ. ಆ ವಾರ ನಮ್ಮ ಬೀದಿಯಲ್ಲಿ ಯಾರೂ ಶಾಪದ ಜೋಕು ಹೇಳಲಿಲ್ಲ.

ಹಾಗಂತ ಭಕ್ತರೆಲ್ಲ ಬಂಗಾರ ಅಂತ ನಾನು ಹೇಳುತ್ತಿಲ್ಲ, ನೀನು ಸುಳ್ವಾಡಿ ಎತ್ತುತ್ತೀಯ ಅಂತಲೂ ಗೊತ್ತು. ಎತ್ತಬೇಕು. 2018ರ ಡಿಸೆಂಬರ್ 14, ಆ ಸುಳ್ವಾಡಿ ಊರಿನ ಕಿಚ್‌ಗುತ್ತಿ ಮಾರಮ್ಮನ ಗುಡಿಯ ಪ್ರಸಾದಕ್ಕೆ ಕೀಟನಾಶಕ ಬೆರೆಸಿ 17 ಜನರನ್ನು ಕೊಂದರು. ಗುಡಿಯ ಹಿಡಿತ ಯಾರ ಕೈಯಲ್ಲಿರಬೇಕು ಅನ್ನೋ ಜಗಳ ಅಂತ ಪೊಲೀಸರು ಹೇಳಿದರು, ಆರೋಪಿಗಳಲ್ಲಿ ಮಠದ ಕಿರಿಯ ಸ್ವಾಮಿಯೂ ಇದ್ದ. ಎಲೆ ಮೇಲೆ ಬಿದ್ದದ್ದನ್ನು ಪ್ರಸಾದ ಅಂದಮೇಲೆ ಬೇಡ ಅನ್ನುವುದು ಹೇಗೆ, ಅದಕ್ಕೇ ಜನ ತಿಂದರು. ನನಗೆ ಅವತ್ತು ಊಟ ಸೇರಲಿಲ್ಲ. ಇನ್ನೊಂದು ವಿಷಯ ನೋಡು, ಒದ್ದಾಡುತ್ತಿದ್ದವರನ್ನು ಉಳಿಸಿಕೊಳ್ಳಲು ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ, ಮೈಸೂರಿಗೆ ಓಡಬೇಕಾಯಿತು, ಅದೂ ನೂರು ಕಿಲೋಮೀಟರ್‌ಗೂ ಜಾಸ್ತಿ. ವಿಷ ಹಾಕಿದ್ದು ಒಬ್ಬರು, ಆಸ್ಪತ್ರೆ ಕಟ್ಟದೆ ಹೋದವರು ಇನ್ನೊಬ್ಬರು.

ಮೌಢ್ಯ ನಿಷೇಧದ ಕಾನೂನೂ ಬಂತು. 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಯಾಯಿತು. ಏನೇನು ಮಾಡಬಾರದು ಅಂತ ಅದರಲ್ಲಿ ಪಟ್ಟಿ ಇದೆ, ಮುಖ್ಯಮಂತ್ರಿಗಳು ಊರಿಗೆ ಬರಲು ಹೆದರಬಾರದು ಅಂತ ಮಾತ್ರ ಇಲ್ಲ.

ಬಂದವರೇ ಇಲ್ಲ ಅಂತಲ್ಲ. ಕುಮಾರಸ್ವಾಮಿ 2007ರಲ್ಲಿ ಬಂದರು, ಅದೇ ವರ್ಷ ಅವರ ಸರ್ಕಾರ ಹೋಯಿತು, ನಮ್ಮ ಟೀ ಅಂಗಡಿಗೆ ಹಬ್ಬವೋ ಹಬ್ಬ. ಬಿಜೆಪಿ ಜೊತೆ ಅಧಿಕಾರ ಹಂಚಿಕೊಳ್ಳುವ 20 ತಿಂಗಳ ಒಪ್ಪಂದ ಮುರಿದದ್ದು ಯಾರಿಗೂ ನೆನಪಾಗಲಿಲ್ಲ. 2013ರಲ್ಲಿ ಗೆದ್ದ ಸಿದ್ದರಾಮಯ್ಯ ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಮುಗಿಸಿದರು. ಅರಸು ಆದಮೇಲೆ ಒಂದು ಅವಧಿಯನ್ನು ಪೂರ್ತಿ ಮಾಡಿದ್ದು ಅವರೇ. ಅದನ್ನು ನಾನು ಮೆಚ್ಚುತ್ತೇನೆ. ಆದರೆ ಮುಖ್ಯಮಂತ್ರಿ ನಮ್ಮೂರಿಗೆ ಬಂದರು ಅನ್ನೋದೇ ಪೇಪರಿನಲ್ಲಿ ದೊಡ್ಡ ಸುದ್ದಿ ಆಗುವಷ್ಟು ಕೆಳಗೆ ಇಳಿಸಿಟ್ಟಿದ್ದರಲ್ಲ ನಮ್ಮನ್ನು. ಬಂದವರು ಏನು ಕೊಟ್ಟರು ಅಂತ ಯಾರೂ ಕೇಳಲೇ ಇಲ್ಲ, ಬಂದಿದ್ದೇ ಉಪಕಾರ ಆಯಿತು.

ಇಂಡಿಗನತ್ತ ಗೊತ್ತಲ್ಲ, ಬೆಟ್ಟದಿಂದ ನಾಗಮಲೆಗೆ ನಡೆದು ಹೋಗುವಾಗ ಸಿಗುತ್ತದೆ. ನೀನು ಎಂಟನೇ ಕ್ಲಾಸಿನಲ್ಲಿದ್ದಾಗ ಕರೆದುಕೊಂಡು ಹೋಗಿದ್ದೆ, ಕಾಲು ನೋವು ಅಂತ ಅತ್ತಿದ್ದೆ. ಅಲ್ಲಿಯವರು ದಿನಾ ಆ ದಾರಿಯಲ್ಲೇ ಓಡಾಡಬೇಕು. 2024ರ ಏಪ್ರಿಲ್ 26ರಂದು ರೋಡು, ನೀರು, ಕರೆಂಟು ಕೊಡದೆ ಓಟು ಹಾಕಲ್ಲ ಅಂತ ಕೂತರು. ಪಕ್ಕದ ಮೆಂದಾರೆ ಊರಿನವರು ಓಟು ಹಾಕಲು ಬಂದಾಗ ಗಲಾಟೆಯಾಗಿ ಮತಗಟ್ಟೆ, ಮತಯಂತ್ರ ಎಲ್ಲ ಪುಡಿ. ಮೂರು ದಿನ ಬಿಟ್ಟು ಮರುಮತದಾನ ಮಾಡಿದರು. ಎಷ್ಟೋ ವರ್ಷ ಸುಸ್ತಾಗಿ ಮಲಗಿದ್ದ ಸರ್ಕಾರ ಮತಯಂತ್ರ ಒಡೆದಾಗ ಎಷ್ಟು ಬೇಗ ಎದ್ದು ಬಂತು ನೋಡು! ಒಡೆದದ್ದು ತಪ್ಪು, ನಾನು ಒಪ್ಪುತ್ತೇನೆ. ಆದರೆ ಅಜ್ಜಿಯ ಚೀಟಿ ಬರೆದ ಕೈ ಇದು, ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಬೆಟ್ಟದ ಮೇಲೇ ಸಚಿವ ಸಂಪುಟ ಸಭೆ ಮಾಡಿ ಸಾವಿರಾರು ಕೋಟಿಯ ಮಾತಾಡಿದರು. ಆಗಲಿ. ಮಾತಿಗೆ ನಾನು ಟಿಕೆಟ್ ಹರಿಯುವುದಿಲ್ಲ, ಸ್ಟಾಪ್ ಬರಲಿ.

ಇನ್ನು ನಾನು ಬೆಟ್ಟಕ್ಕೆ ಯಾಕೆ ಹೋಗುತ್ತೇನೆ ಅಂದರೆ. ಮಾದಪ್ಪ ಶ್ರವಣ ದೊರೆಯ ಸೊಕ್ಕು ಮುರಿದವನು ಅಂತ ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರಲ್ಲ, ದೇವತೆಗಳನ್ನೇ ಸೆರೆಯಲ್ಲಿಟ್ಟಿದ್ದ ದೊರೆ. ಆ ಹಾಡು ಕೇಳುತ್ತಾ ಚಾಪೆ ಮೇಲೆ ಸಾವಿರ ಜನರ ನಡುವೆ ಮಲಗಿದರೆ ನನಗೆ ನಿದ್ದೆ ಬರುತ್ತದೆ, ಮನೆಯಲ್ಲಿ ಬರುವುದಿಲ್ಲ. ಇಷ್ಟೇ. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ನಿನಗೆ ನಂಬಿಕೆ ಇಲ್ಲದಿದ್ದರೆ ಬೇಡ, ನಾನೇನು ಬಲವಂತ ಮಾಡಿದ್ದೀನಾ? ನಿನ್ನ ಸಿಟ್ಟನ್ನು ಮಾತ್ರ ಸರಿಯಾದ ವಿಳಾಸಕ್ಕೆ ಕಳಿಸು. ಓದಿದ್ದೀಯ, ಮಾಹಿತಿ ಹಕ್ಕಿನ ಅರ್ಜಿ ಹಾಕುವುದು ನಿನಗೆ ಬರುತ್ತದೆ, ಅಜ್ಜಿಗೆ ಬರುತ್ತಿರಲಿಲ್ಲ.

ಅಜ್ಜಿಯ ಊರಿಗೆ ರೋಡು ಆಯಿತಾ ಅಂತ ಕೇಳುತ್ತೀಯ. ನಾನು ಆ ರೂಟಿನಲ್ಲಿ ಇರುವವರೆಗೂ ಅವರೂರಿನವರು ಸ್ಟಾಪಿಗೆ ನಡೆದೇ ಬರುತ್ತಿದ್ದರು, ಮಳೆಗಾಲದಲ್ಲಿ ಮೊಣಕಾಲವರೆಗೂ ಕೆಸರು. ಅಜ್ಜಿ ಮತ್ತೆ ಸಿಗಲಿಲ್ಲ.

ಭಾನುವಾರದ ಮೊದಲ ಬಸ್ಸಿಗೆ ನಿಮ್ಮಮ್ಮ ರಾಗಿಹಿಟ್ಟು, ಹುರಳಿಕಾಳು, ಒಂದು ಡಬ್ಬ ಉಪ್ಪಿನಕಾಯಿ ಕೊಟ್ಟು ಕಳಿಸುತ್ತಾಳೆ. ಹೋಗಿ ಇಸ್ಕೊ. ಕಂಡಕ್ಟರ್ ಹೊಸ ಹುಡುಗ, ಒಂದು ಟೀ ಕೊಡಿಸು.

ನಿನ್ನ
ಅಪ್ಪ