ಬಲಿಪೀಠದ ಮುಂದೆ, ಬಲಿಪೀಠದ ಹಿಂದೆ

ಪ್ರಿಯ ತಮ್ಮಾ,

ಇಟಲಿಯ ಸಿಯೆನಾ ಕೆಥೆಡ್ರಲ್‌ನ ಬಲಿಪೀಠಕ್ಕೆಂದು ಚಿತ್ರಕಾರ ದುಚ್ಚೋ ಮರದ ಹಲಗೆಯ ಮೇಲೆ ಬರೆದ ‘ಮಾಯೆಸ್ತಾ’ ಚಿತ್ರದ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ಮಾಹಿತಿ ಸರಿಯಾಗಿದೆ. ಆದರೆ ‘ದಿವ್ಯ’, ‘ಅಲೌಕಿಕ’ ಜಾಸ್ತಿಯಾಯ್ತು. ಭಕ್ತಿ ಅಂದ ಕೂಡಲೇ ಕೈಗೆ ಮೊದಲು ಸಿಗುವುದು ಅವೇ, ಅಲ್ವಾ? ದುಚ್ಚೋ ಮಾತ್ರ ನೋಡುವವರು ಎಲ್ಲಿ ನಿಂತಿರುತ್ತಾರೆ ಅಂತ ಲೆಕ್ಕ ಹಾಕಿದ ಹಾಗೆ ಕಾಣುತ್ತದೆ.

ಹಲಗೆಯ ಎರಡೂ ಮಗ್ಗುಲಲ್ಲಿ ಚಿತ್ರವಿತ್ತು. ಮುಂದಿನದು ದೂರದಲ್ಲಿ ನಿಂತ ಊರ ಜನಕ್ಕೆ. ಹಾಗಾಗಿ ಬಂಗಾರದ ಹಿನ್ನೆಲೆಯಲ್ಲಿ ಮಗುವನ್ನು ಹಿಡಿದು ಕೂತ ಮರಿಯಮ್ಮ, ಸುತ್ತಲಿನ ಸಂತರಿಗಿಂತ ಎಷ್ಟೋ ದೊಡ್ಡವಳು. ಎದುರಿಗೆ ಮಂಡಿಯೂರಿದ ನಾಲ್ವರು ಊರು ಕಾಯುವ ಸಂತರು. ಅವಳ ಕಾಲಡಿಯ ಬರಹದಲ್ಲಿ ಬೇಡಿಕೆ ಎರಡು: ಸಿಯೆನಾಗೆ ಶಾಂತಿ, ನಿನ್ನನ್ನು ಹೀಗೆ ಬರೆದ ದುಚ್ಚೋಗೆ ಬದುಕು. ಕಲಾವಿದನೂ ಬೇಡುವವರ ಸಾಲಲ್ಲಿ ನಿಂತುಬಿಟ್ಟಿದ್ದಾನೆ! 1311ರ ಜೂನ್ 9ರಂದು ಅಂಗಡಿ ಮುಚ್ಚಿ, ಗಂಟೆ ಬಾರಿಸಿ, ಮೆರವಣಿಗೆಯಲ್ಲಿ ಇದನ್ನು ತಂದರು. ಮೆರವಣಿಗೆಗೆ ನೀನು ಎರಡು ಪುಟ ಕೊಟ್ಟಿದ್ದೀಯ. ಎರಡು ಸಾಲು ಸಾಕು.

ಹಿಂದುಗಡೆಯದು ಹತ್ತಿರ ಹೋಗಬಲ್ಲ ಪಾದ್ರಿಗಳಿಗೆ. ಅಲ್ಲಿ ಯೇಸುವಿನ ಕೊನೆಯ ದಿನಗಳ ಕಥೆ ಸಣ್ಣ ಸಣ್ಣ ದೃಶ್ಯಗಳಲ್ಲಿದೆ. ಅದರಲ್ಲಿ ಒಂದು ಜಾಗವನ್ನು ನೀನು ಸುಮ್ನೆ ದಾಟಿಬಿಟ್ಟೆ. ಮೇಲೆ ಯೇಸುವನ್ನು ಅನ್ನಾಸ್ ಎಂಬ ಯಾಜಕನ ಮುಂದೆ ನಿಲ್ಲಿಸಿದ್ದಾರೆ. ಕೆಳಗೆ ಅಂಗಳದಲ್ಲಿ ಯೇಸುವಿನ ಶಿಷ್ಯ ಪೇತ್ರ ಬೆಂಕಿಗೆ ಪಾದ ಚಾಚಿ ಕೂತಿದ್ದಾನೆ. ಆ ಮನುಷ್ಯ ನನಗೆ ಗೊತ್ತೇ ಇಲ್ಲ ಅನ್ನುವಂತೆ ಕೈ ಎತ್ತಿದ್ದಾನೆ. ನಡುವೆ ಒಂದು ಮೆಟ್ಟಿಲು. ಅದನ್ನು ಹತ್ತಲು ಹೊರಟ ಕೆಲಸದ ಹುಡುಗಿ ಪೇತ್ರನ ಕಡೆ ಕೈ ತೋರಿಸುತ್ತಿದ್ದಾಳೆ. ನಾವಾದರೆ ‘ಅದೇ ಹೊತ್ತಿಗೆ ಇತ್ತ’ ಅಂತ ಬರೆಯುತ್ತಿದ್ದೆವು. ದುಚ್ಚೋಗೆ ಮೆಟ್ಟಿಲು ಸಾಕಾಯ್ತು. ಮೇಲೆ ಗುರುವಿನ ವಿಚಾರಣೆ ನಡೆದಿದೆ, ಕೆಳಗೆ ಶಿಷ್ಯ ಕಾಲು ಕಾಯಿಸಿಕೊಳ್ಳುತ್ತಿದ್ದಾನೆ. ಇಷ್ಟು ತೋರಿಸಿದ ಮೇಲೆ ‘ಘೋರ ದ್ರೋಹ’ ಅಂತ ನೀನು ಬೇರೆ ಹೇಳಬೇಕಾ?

1771ರಲ್ಲಿ ಹಲಗೆಯನ್ನು ಗರಗಸದಿಂದ ಸೀಳಿ ಮುಂದು, ಹಿಂದು ಬೇರೆ ಮಾಡಿದರು. ಕೆಲವು ಚೂರುಗಳು ಲಂಡನ್, ವಾಷಿಂಗ್ಟನ್ ಸೇರಿವೆ. ಹೆಚ್ಚಿನ ಭಾಗ ಸಿಯೆನಾದ ಮ್ಯೂಸಿಯಂನಲ್ಲಿದೆ. ಅಲ್ಲಿ ಟಿಕೆಟ್ ತಗೊಂಡವರಿಗೆಲ್ಲ ಎರಡು ಮಗ್ಗುಲೂ ಒಂದೇ ಕೋಣೆಯಲ್ಲಿ ಸಿಗುತ್ತವೆ. ಯಾರಿಗೆ ಯಾವುದು ಕಾಣುತ್ತಿತ್ತು ಅನ್ನುವುದನ್ನು ಇನ್ನು ನೀನೇ ಕಟ್ಟಿಕೊಡಬೇಕು.

ಮುಂದಿನ ಕರಡಿನಲ್ಲಿ ಓದುಗನನ್ನು ಮೊದಲು ಜನರ ನಡುವೆ ನಿಲ್ಲಿಸು. ಆಮೇಲೆ ಪೀಠ ಸುತ್ತಿಸಿ ಹಿಂದಕ್ಕೆ ಕರೆದುಕೊಂಡು ಹೋಗು. ದೀಪಾವಳಿಗೆ ಮುಂಚೆ ಕಳಿಸಿದರೆ ರಜೆಯಲ್ಲಿ ಓದುತ್ತೇನೆ.

ನಿನ್ನ,
ಅಣ್ಣ